ಕರಡಿಗೆಯ ನೆರಳು

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಫೋನಿನಲ್ಲಿ ಅವರ ಮಗಳು ಅಳುತ್ತಿದ್ದಳು, ನಾನು ಹೂಂ ಹೂಂ ಎನ್ನುತ್ತಿದ್ದೆ. ಒಳಗೊಳಗೇ ಮಾತ್ರ, ಹಠಮಾರಿ ಮನುಷ್ಯಾ, ಇನ್ನೊಂದು ಸಲ ಆ ಮಷೀನಿನ ಮುಂದೆ ನಿಂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬೈಯುತ್ತಿದ್ದೆ. ಸತ್ತವರನ್ನು ಹಾಗೆ ಬೈಯಬಾರದು ಎನ್ನುತ್ತಾರೆ. ಅವರು ಬದುಕಿದ್ದಾಗಲೂ ನಾನು ಬೈದದ್ದುಂಟು, ಅವರೂ ನನಗೆ ಬೈದದ್ದುಂಟು, ಹಾಗಾಗಿ ಇದರಲ್ಲಿ ಹೊಸದೇನಿಲ್ಲ.

ಬಸವಕಲ್ಯಾಣದ ಒಂದು ಖಾಸಗಿ ದವಾಖಾನೆಯಲ್ಲಿ ಅವರು ಎಕ್ಸ್‌ರೇ ತೆಗೆಯುವವರು. ನಾನು ಪಕ್ಕದ ಕೋಣೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಎಕ್ಸ್‌ರೇ ಕೋಣೆಯ ಗೋಡೆ ದಪ್ಪಗಿರಬೇಕೆಂಬುದು ಕಾನೂನು, ನಮ್ಮಲ್ಲೂ ದಪ್ಪಗೇ ಇತ್ತು. ಆದರೆ ಅವರ ದನಿಗೆ ಆ ಗೋಡೆ ಯಾವ ಲೆಕ್ಕ! “ಉಸರ ತಗೋರಿ... ಹಿಡೀರಿ... ಹಿಡೀರಿ... ಹಾಂ, ಬಿಡ್ರಿ!” ಇದು ಬೆಳಗಿನಿಂದ ಸಂಜೆಯ ತನಕ ನನ್ನ ಕಿವಿಗೆ ಬೀಳುತ್ತಿತ್ತು. ಎಷ್ಟೋ ಸಲ ಸೂಜಿ ಹಿಡಿದುಕೊಂಡ ನಾನೂ, ಕೈ ಚಾಚಿ ಕೂತ ರೋಗಿಯೂ ಆ ಹುಕುಮಿಗೆ ಉಸಿರು ಹಿಡಿದು ಕೂತಿದ್ದೇವೆ. ಅದಕ್ಕಿಂತ ತಮಾಷೆಯೆಂದರೆ, ರೋಗಿಯ ಜೊತೆಗೆ ಅವರೂ ಉಸಿರು ಹಿಡಿಯುತ್ತಿದ್ದರು. ಹೊಟ್ಟೆ ಒಳಗೆಳೆದು, ಕೆನ್ನೆ ಉಬ್ಬಿಸಿ, ಬಟನ್ ಒತ್ತಿ, ಆಮೇಲೆ ಇಬ್ಬರೂ ಒಟ್ಟಿಗೇ ಬಿಡುವುದು. “ನಾ ಹಿಡೀದಿದ್ರ ಅವರೆಷ್ಟೊತ್ತು ಹಿಡೀಬೇಕಂತ ನನಗ ಹ್ಯಾಂಗ ಗೊತ್ತಾಗಬೇಕು ಯವ್ವಾ?” ಎಂದು ನನ್ನನ್ನೇ ಕೇಳುತ್ತಿದ್ದರು.

ನಮ್ಮದು ಹುಮನಾಬಾದಿನ ಹತ್ತಿರ ಕುರಿ ಸಾಕುವ ಮನೆತನ. ಕೆಲಸಕ್ಕೆ ಸೇರಿದ ದಿನ ದವಾಖಾನೆಯ ಬಾಗಿಲಲ್ಲಿ ಯಾರನ್ನು ಏನು ಕೇಳಬೇಕೆಂದು ತಿಳಿಯದೆ ನಿಂತಿದ್ದೆ. ಒಳಗಿನಿಂದ ಬಂದವರು ಮೇಲಿಂದ ಕೆಳಗೆ ನೋಡಿ, “ಯಾಕ ನಿಂತೀದಿ ಯವ್ವಾ, ಫೋಟೋ ತಕ್ಕೊಳ್ಳಾಕ ಬಂದೀಯೋ, ನೌಕರಿ ಮಾಡಾಕ ಬಂದೀಯೋ?” ಎಂದರು. ನೌಕರಿ ಎಂದೆ. “ಹಂಗಾದ್ರ ಒಳಗ ಬಾ. ಹೊರಗ ನಿಂತೋರಿಗಿ ಪಗಾರ ಕೊಡಂಗಿಲ್ಲ ಇಲ್ಲಿ.” ಅಂದಿನಿಂದ ಅವರು ನನಗೆ ಕಾಕಾ. ನನಗಷ್ಟೇ ಅಲ್ಲ, ದವಾಖಾನೆಗೆಲ್ಲ, ಹೊರಗಿನ ಚಹಾದಂಗಡಿಗೆಲ್ಲ ಅವರು ಕಾಕಾ.

ವಿನಯ ಎಂಬುದು ಅವರ ಹತ್ತಿರ ಸುಳಿದದ್ದಿಲ್ಲ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಅಂಗಿಯೊಳಗೆ ಎದೆಯ ಎಡಕ್ಕೆ ಒಂದು ಉಬ್ಬು. ಅದು ಅವರ ಬೆಳ್ಳಿಯ ಕರಡಿಗೆ, ಒಳಗೆ ಅವರ ಇಷ್ಟಲಿಂಗ. ಮದುವೆಯಲ್ಲಿ ಮಾವ ಮಾಡಿಸಿಕೊಟ್ಟದ್ದಂತೆ, ಊರಲ್ಲಿ ಯಾರ ಹತ್ತಿರವೂ ಅಷ್ಟು ತೂಕದ್ದಿಲ್ಲವಂತೆ. ಮಾತಿನ ನಡುವೆ ಅದನ್ನೊಮ್ಮೆ ಅಂಗಿಯ ಮೇಲಿಂದಲೇ ಮುಟ್ಟಿ ನೋಡಿಕೊಳ್ಳುವುದು ಅವರ ಅಭ್ಯಾಸ. ತಾನು ತೆಗೆದ ಫೋಟೋ ಬೀದರ ಜಿಲ್ಲೆಯಲ್ಲಿ ಯಾರೂ ತೆಗೆಯಲಾರರು ಎಂದು ಎದುರಿಗೇ ಹೇಳುತ್ತಿದ್ದರು. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಫೋಟೋದಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ಕೈ ಮೇಲೆತ್ತಿಬಿಡುತ್ತಿದ್ದರು. “ಅದು ಡಾಕ್ಟರ್ ಕೆಲಸ. ನಾ ತೆಗ್ಯಾಂವ, ಓದಾಂವ ಅಲ್ಲ.” ಖರೇನೇ, ಅವರಿಗೆ ಓದಲು ಬರುತ್ತಿರಲಿಲ್ಲ. ಒಮ್ಮೆ ಹಳೆಯ ಪಕ್ಕೆಲುಬಿನ ಗಾಯವನ್ನು ಮುರಿತ ಎಂದು ತಿಳಿದು ಗಾಬರಿಯಾಗಿ ಓಡಿ ಬಂದು ಎಲ್ಲರಿಂದ ನಗಿಸಿಕೊಂಡಿದ್ದರು.

ಅವರ ಹೆಮ್ಮೆ ಬೇರೆ ಒಂದು ವಿಷಯದ್ದು. ನಮ್ಮ ಕಡೆ ಲಿಂಗ ಕಟ್ಟಿದವರು ಬಹಳ. ಮೈಮೇಲಿನ ಲಿಂಗವನ್ನು ಮೈಯಿಂದ ಬೇರೆ ಮಾಡುವಂತಿಲ್ಲ. ಎದೆಯ ಫೋಟೋ ತೆಗೆಯಬೇಕೆಂದರೆ ಎದೆಯ ಮೇಲೆ ಬೆಳ್ಳಿ ಇರುವಂತಿಲ್ಲ, ಬೆಳ್ಳಿಯೊಳಗೆ ಬೆಳಕು ತೂರುವುದಿಲ್ಲ, ಅದರ ಬಿಳಿ ನೆರಳು ಫೋಟೋದ ನಟ್ಟನಡುವೆ ಬೀಳುತ್ತದೆ. ಬೇರೆ ಕಡೆ ‘ತೆಗೀರಿ ಅದನ್ನ’ ಎಂದು ಬಿಡುತ್ತಿದ್ದರಂತೆ. ಮಂದಿ ಫೋಟೋ ಬೇಡವೆಂದು ಎದ್ದು ಹೋಗುತ್ತಿದ್ದರು, ಇಲ್ಲವೇ ಬೆಳ್ಳಿಯ ಸಮೇತ ತೆಗೆಸಿಕೊಂಡು ಹೋಗುತ್ತಿದ್ದರು.

ಹುಲಸೂರ ಕಡೆಯ ಒಬ್ಬ ಮುದುಕಿ ಹೀಗೇ ಪಟ್ಟು ಹಿಡಿದು ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗ ಬೈದ, ಸೊಸೆ ಗೋಗರೆದಳು, ಡಾಕ್ಟರ್ ಸಾಹೇಬರೇ ಬಂದು ಹೇಳಿದರು. ಮುದುಕಿ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಕಾಕಾ ಒಂದು ತಂಬಿಗೆ ನೀರು ತಂದರು. “ಆಯಿ, ನಾನೂ ಲಿಂಗ ಕಟ್ಟಿದಾಂವ ಇದೀನಿ. ತೆಗೀರಿ ಅನ್ನಂಗಿಲ್ಲ ನಾ. ಕೈ ತೊಳ್ಕೋರಿ. ಲಿಂಗ ಅಂಗೈಯಾಗ ಹಿಡ್ಕೋರಿ. ಅಂಗೈ ತಲಿ ಮ್ಯಾಲ ಇಟ್ಕೋರಿ. ಮೈ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ಅದು, ಇನ್ನಾ ಮ್ಯಾಲಕ್ಕೇ ಹೋತು.” ಮುದುಕಿ ಅವರ ಮುಖ ನೋಡಿದಳು, ಹಣೆಯ ವಿಭೂತಿ ನೋಡಿದಳು, ಎದ್ದಳು. ತಲೆಯ ಮೇಲೆ ಲಿಂಗ ಹಿಡಿದು ಮಷೀನಿಗೆ ಎದೆ ಕೊಟ್ಟು ನಿಂತ ಆ ಮುದುಕಿ ಗುಡಿಯಲ್ಲಿ ನಿಂತಿದ್ದಾಳೆ ಎನ್ನಬೇಕು, ಹಾಗಿತ್ತು. ಎಕ್ಸ್‌ರೇ ಕೋಣೆಯ ಮೂಲೆಯಲ್ಲಿ ತಂಬಿಗೆ, ಬಟ್ಟಲು, ಒಂದು ವಿಭೂತಿ ಗಟ್ಟಿ ಯಾವಾಗಲೂ ಇರುತ್ತಿದ್ದವು. ಕೆಲಸ ಕಲಿಯಲು ಬಂದು ಹೋದವರಿಗೆಲ್ಲ ಮಷೀನಿಗಿಂತ ಮೊದಲು ಇದನ್ನು ಕಲಿಸುತ್ತಿದ್ದರು. “ಮೊದಲು ಕೇಳ್ರಿ. ಕೇಳದ ಯಾರ ಎದಿಗೂ ಮಷೀನ್ ಹಚ್ಚಬ್ಯಾಡ್ರಿ.”

ಆಗ ಫೋಟೋ ಓದಲು ಒಬ್ಬ ಡಾಕ್ಟರು ವಾರಕ್ಕೊಮ್ಮೆ ಕಲಬುರಗಿಯಿಂದ ಬರುತ್ತಿದ್ದರು. ಅವರಿಗೆ ಮೈ ಸರಿಯಿಲ್ಲದ ವಾರ, ಮನೆಯಲ್ಲಿ ಮದುವೆಯಿದ್ದ ವಾರ ಫೋಟೋಗಳೆಲ್ಲ ಹಾಗೇ ಕಾದು ಕೂಡುತ್ತಿದ್ದವು, ಫೋಟೋದವರೂ ಕಾಯುತ್ತಿದ್ದರು. ಅಷ್ಟರಲ್ಲಿ ಒಬ್ಬಿಬ್ಬರು ತೀರಿಹೋದದ್ದೂ ಉಂಟು. ಅದನ್ನು ನೆನೆದರೆ ಹಳೆಯ ಕಾಲ ಚೆನ್ನಾಗಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆಮೇಲೆ ಹೊಸ ಮಷೀನು ಬಂತು. ಫಿಲ್ಮು ತೊಳೆಯುವುದಿಲ್ಲ, ಒಣ ಹಾಕುವುದಿಲ್ಲ. ಚಿತ್ರ ಕಂಪ್ಯೂಟರಿನಲ್ಲಿ ಮೂಡಿ, ಅಲ್ಲಿಂದ ನೆಟ್ ಮೇಲೆ ಎಲ್ಲೋ ದೂರದ ಶಹರಕ್ಕೆ ಹೋಗುತ್ತದೆ. ಅಲ್ಲಿ ಕೂತ ಡಾಕ್ಟರು ಓದಿ ವರದಿ ಕಳಿಸುತ್ತಾರೆ. ಡಾಕ್ಟರ್ ಸಾಹೇಬರು, ಅಂದರೆ ನಮ್ಮ ದವಾಖಾನೆಯ ಮಾಲಕರು, ಇದನ್ನು ಹೇಳಿದಾಗ ಎಲ್ಲರೂ ಖುಷಿಯಾದೆವು. ಕಾಕಾನ ಮುಖ ಮಾತ್ರ ಗಂಟು ಹಾಕಿಕೊಂಡಿತ್ತು. “ಅವರಿಗಿ ನಮ್ ಮಂದಿ ಏನ್ ಗೊತ್ತು? ನಾಳಿ ಈ ಕೋಣ್ಯಾಗ ಯಾರೋ ಒಬ್ಬ ಹುಡುಗನ್ನ ನಿಲ್ಲಸ್ತಾರ. ಅಂವ ಟಕ್ಕಂತ ಬಟನ್ ಒತ್ತಾಂವ. ಆಯಿಗಿ ಕೈ ತೊಳ್ಕೋ ಅನ್ನಾಂವ ಯಾರು?” ಎಂದರು. ಅವರ ಹೆದರಿಕೆ ನೌಕರಿಯದ್ದಾಗಿರಲಿಲ್ಲ. ಕೇಳುವ ಪದ್ಧತಿ ಹೋಗುತ್ತದೆ ಎಂಬುದಾಗಿತ್ತು. ಅದನ್ನು ಎಲ್ಲರ ಮುಂದೆ ತೋರಿಸಿಕೊಡಬೇಕೆಂದು ಅವರು ಆಗಲೇ ಮನಸ್ಸಿನಲ್ಲಿ ಹಾಕಿಕೊಂಡಿರಬೇಕು.

ಮಷೀನಿಗೆ ಪೂಜೆಯಾಯಿತು, ಕಾಯಿ ಒಡೆದರು, ಪೇಢೆ ಹಂಚಿದರು. ಮಷೀನ್ ಕೂಡಿಸಲು ಹೊರಗಿನಿಂದ ಬಂದಿದ್ದ ಎಂಜಿನಿಯರ್, ನೋಡೋಣ, ಯಾರಾದರೊಬ್ಬರು ನಿಲ್ಲಿ, ಒಂದು ಚಿತ್ರ ತೆಗೆದು ಕಳಿಸೋಣ ಎಂದ. ಯಾರೂ ಮುಂದೆ ಬರಲಿಲ್ಲ. ಕಾಕಾ ಅಂಗಿಯ ಗುಂಡಿ ಬಿಚ್ಚಿದರು.

“ಕಾಕಾ, ನೀವು ಬಟನ್ ಒತ್ತೋರು, ನೀವ ನಿಂತ್ರ ಹ್ಯಾಂಗ?” ಎಂದರು ಡಾಕ್ಟರ್ ಸಾಹೇಬರು.

“ಒತ್ತಲಿ ಸಾಹೇಬ್ರ ಅವರು. ನೋಡಮು.” ಮಷೀನಿನ ಕಡೆ ಹೋಗುವಾಗ ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದರು: “ಕೇಳ್ತಾನೇನ್ ನೋಡ್ತಿರು.”

ಎಂಜಿನಿಯರ್ ಕೇಳಲಿಲ್ಲ. ಅವನ ಕೆಲಸ ಮಷೀನಿನದು, ಎದೆಯದಲ್ಲ. ಹಿಂದಿಯಲ್ಲಿ ಉಸಿರು ಹಿಡಿಯಿರಿ ಎಂದ, ಒತ್ತಿದ. ಪರದೆಯ ಮೇಲೆ ಕಾಕಾನ ಎದೆಗೂಡು ಮೂಡಿತು, ಎಡಗಡೆ ಹೃದಯದ ಪಕ್ಕಕ್ಕೆ ಕರಡಿಗೆ ಅಚ್ಚ ಬಿಳಿ ಮೊಟ್ಟೆಯ ಹಾಗೆ ಕೂತಿತ್ತು. ಕಾಕಾ ಮೀಸೆಯಲ್ಲೇ ನಗುತ್ತಾ ಗುಂಡಿ ಹಾಕಿಕೊಂಡರು. ಚಿತ್ರ ಹೋಯಿತು. ನಾವು ಚಹಾ ಕುಡಿಯುತ್ತಿದ್ದೆವು, ಕಪ್ಪು ಕೆಳಗಿಡುವ ಮೊದಲೇ ವರದಿ ಬಂತು. ಡಾಕ್ಟರ್ ಸಾಹೇಬರು ಅದನ್ನು ಓದಿ ನಮಗೆಲ್ಲ ಕನ್ನಡದಲ್ಲಿ ಹೇಳಿದರು. ಎದೆಯ ಎಡಭಾಗದಲ್ಲಿ ಗುಂಡನೆಯ ದಟ್ಟ ನೆರಳಿದೆ. ಮೈಮೇಲೆ ಧರಿಸಿದ ವಸ್ತುವಿರಬಹುದು. ಅದರ ಹಿಂದೆ ಏನಿದೆ ಎಂದು ಹೇಳಲಾಗದು. ವಸ್ತುವನ್ನು ಸರಿಸಿ ಇನ್ನೊಮ್ಮೆ ತೆಗೆಯಬೇಕು.

ಕಾಕಾ ಚಪ್ಪಾಳೆ ತಟ್ಟಿಬಿಟ್ಟರು. “ನೋಡ್ರಿ! ವಸ್ತು ಅಂತ, ವಸ್ತು! ಲಿಂಗ ಅಂದ್ರ ಏನಂತ ಗೊತ್ತಿಲ್ಲ ಅವರಿಗಿ. ಇವರು ನಮ್ ಮಂದಿ ಫೋಟೋ ಓದೋರು!” ಎಲ್ಲರೂ ನಕ್ಕರು. ಡಾಕ್ಟರ್ ಸಾಹೇಬರೂ ನಕ್ಕರು. ಒಳ್ಳೆಯ ದಿನ, ಬಾಯಲ್ಲಿ ಪೇಢೆ, ನಗದೆ ಏನು ಮಾಡುವುದು.

ಆದರೆ ಆ ದೂರದ ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಫೋನ್ ಮಾಡಿದಳು. ಹೆಂಗಸಿನ ದನಿ, ಮೆತ್ತಗೆ ಮಾತಾಡುವ ದನಿ. ನಿನ್ನೆಯ ಚಿತ್ರ ಇನ್ನೊಮ್ಮೆ ಬರಲೇ ಇಲ್ಲವಲ್ಲ ಎಂದು ಕೇಳಿದಳು. ಫೋನ್ ಕಾಕಾನ ಕೈಯಲ್ಲಿತ್ತು. ನಮ್ಮ ಬಸವಕಲ್ಯಾಣದ ಹಿಂದಿಯಲ್ಲಿ ಅವರು, “ಮೇಡಂ, ವೋ ವಸ್ತು ನೈ, ಮೇರಾ ಭಗವಾನ್ ಹೈ” ಎಂದರು. ಆಕೆ, ಸರಿ, ಕ್ಷಮಿಸಿ, ಆದರೂ ಅದನ್ನು ಪಕ್ಕಕ್ಕೆ ಹಿಡಿದು ಒಂದು ತೆಗೆದುಬಿಡಿ, ನನಗೆ ಹಿಂದಿನದು ಕಾಣುತ್ತಿಲ್ಲ ಎಂದಳು. “ಹಾಂ ಹಾಂ, ಕರೇಂಗೆ” ಎಂದು ಫೋನ್ ಇಟ್ಟರು.

ತೆಗೆಯಲಿಲ್ಲ. ನಾನು ಒಮ್ಮೆ ನೆನಪು ಮಾಡಿದೆ. “ನನಗೇನಾಗ್ಯಾದ ಯವ್ವಾ? ದಿನಾ ಇದರಾಗ ನಿಂತು ಬೇಕಾದಷ್ಟು ಕಿರಣ ತಿಂದೀನಿ. ಸುಮ್ನ ಇನ್ನೊಂದು ಯಾಕ?” ಎಂದರು. ಅದೂ ಒಂದು ಮಾತೇ, ಸುಮ್ಮಸುಮ್ಮನೆ ಎಕ್ಸ್‌ರೇ ತೆಗೆಸಿಕೊಳ್ಳಬಾರದು ಎಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಆದರೆ ಈಗ ನನಗನ್ನಿಸುವುದು ಬೇರೆ. ಇನ್ನೊಂದು ತೆಗೆದುಬಿಟ್ಟರೆ ಆ ಕಥೆಯ ಸೊಗಸು ಹೋಗುತ್ತಿತ್ತು. ಕಥೆ ಅವರಿಗೆ ಅಷ್ಟು ಹಿಡಿಸಿತ್ತು. ಚಹಾದಂಗಡಿಯಲ್ಲಿ ಹೇಳಿದರು, ಬೀಗರ ಮನೆಯ ಸೀಮಂತದಲ್ಲಿ ಹೇಳಿದರು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೂ ಹೇಳಿದರು. ಹೇಳುವಾಗ ಅಂಗಿಯ ಮೇಲಿಂದ ಕರಡಿಗೆಯನ್ನು ತಟ್ಟಿ, “ಇದರ ಹಿಂದ ಏನದ ಕಾಣವಲ್ದು ಅಂದ್ಲು! ಇದರ ಹಿಂದ ನಾ ಇದೀನಿ!” ಎಂದು ಮುಗಿಸುತ್ತಿದ್ದರು. ಕೇಳಿದವರು ನಗದೆ ಬಿಟ್ಟದ್ದಿಲ್ಲ.

ಹೊಸ ಪದ್ಧತಿಯಿಂದ ಒಳ್ಳೆಯದಾಗಲಿಲ್ಲ ಎಂದರೆ ನನ್ನ ನಾಲಿಗೆ ಸೀಳಬೇಕು. ಕೊಹಿನೂರಿನ ಒಬ್ಬ ರೈತ ಟ್ರ್ಯಾಕ್ಟರಿನಿಂದ ಬಿದ್ದು ಕತ್ತು ಹಿಡಿದುಕೊಂಡು ನಡೆದೇ ಬಂದಿದ್ದ. ಉಳುಕಿರಬೇಕೆಂದು ಡಾಕ್ಟರ್ ಸಾಹೇಬರು ಮುಲಾಮು ಬರೆದು ಕಳಿಸುವುದರಲ್ಲಿದ್ದರು. ಅಷ್ಟರಲ್ಲಿ ಚಿತ್ರ ನೋಡಿದ ಆ ದೂರದ ಡಾಕ್ಟರ ಫೋನು: ಕತ್ತು ಅಲುಗಾಡಿಸಬೇಡಿ, ಮೂಳೆ ಬಿರಿದಿದೆ, ಹಾಗೇ ಮಲಗಿಸಿ ಕಳಿಸಿ. ಆತ ಇಂದಿಗೂ ತನ್ನ ಹೊಲದಲ್ಲಿ ತಾನೇ ಓಡಾಡಿಕೊಂಡಿದ್ದಾನೆ. ಆ ದಿನ ಕಾಕಾ ಬಹಳ ಹೊತ್ತು ಪರದೆಯ ಮುಂದೆ ನಿಂತಿದ್ದರು. “ಕಣ್ಣು ಚಲೋ ಅದಾವ ಆಕೀವು” ಎಂದರು. ನಾನು ಖುಷಿಯಿಂದ ನೋಡಿದೆ, ಅಂತೂ ಒಪ್ಪಿದರಲ್ಲ ಎಂದು. ಅಷ್ಟಕ್ಕೇ ಬಿಟ್ಟರೆ ಅವರು ಕಾಕಾ ಹೇಗೆ? “ಕಣ್ಣು ಅದಾವ, ಕೈ ಇಲ್ಲ” ಎಂದು ಸೇರಿಸಿದರು.

ಮುಂದಿನ ತೊಗರಿ ರಾಶಿಯ ಹೊತ್ತಿಗೆ ಅವರಿಗೆ ಕೆಮ್ಮು ಹತ್ತಿತು. ರಾಶಿಯ ಧೂಳು ಎಂದರು. ನಮ್ಮ ಕಡೆ ಆ ದಿನಗಳಲ್ಲಿ ಕೆಮ್ಮದವರು ಯಾರು? ಶುಂಠಿ ತಿಂದರು, ಅರಿಶಿನದ ಹಾಲು ಕುಡಿದರು. ರಾಶಿ ಮುಗಿಯಿತು, ಧೂಳು ಇಳಿಯಿತು, ಕೆಮ್ಮು ಇಳಿಯಲಿಲ್ಲ. ಅಂಗಿಯ ಕೊರಳಪಟ್ಟಿ ಸಡಿಲವಾಯಿತು. ಕೇಳಿದರೆ, ವಯಸ್ಸಾದವರು ತೆಳ್ಳಗಿರಬೇಕು ಎಂದು ನಕ್ಕರು.

ಅದು ಧೂಳಿನ ಕೆಮ್ಮಲ್ಲ ಎಂದು ನನಗೆ ಹೊಳೆದದ್ದು ಒಂದು ಮಧ್ಯಾಹ್ನ. ಗೋಡೆಯಾಚೆಯಿಂದ ಎಂದಿನ ಹಾಗೆ “ಉಸರ ತಗೋರಿ... ಹಿಡೀರಿ...” ಎಂದು ಕೇಳಿಸಿತು. ಆಮೇಲೆ ‘ಬಿಡ್ರಿ’ ಬರಲಿಲ್ಲ. ಬದಲಿಗೆ ಕೆಮ್ಮು. ನಿಲ್ಲದ ಕೆಮ್ಮು. ಒಳಗಿದ್ದ ರೋಗಿ ನಕ್ಕುಬಿಟ್ಟ, ಚಿತ್ರ ಅಲುಗಿ ಹೋಯಿತು. ಮತ್ತೆ ಹಿಡೀರಿ ಎಂದರು, ಮತ್ತೆ ಕೆಮ್ಮಿದರು. ಮೂರನೆಯ ಸಲ ರೋಗಿ ತಾನೇ ಉಸಿರು ಹಿಡಿದು ನಿಂತ, ಅವರು ಜೊತೆಗೆ ಹಿಡಿಯಲಿಲ್ಲ, ಸುಮ್ಮನೆ ಒತ್ತಿದರು. ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಬಾಯಿಗೆ ಹಿಡಿದಿದ್ದ ಕರವಸ್ತ್ರವನ್ನು ಅವರು ಗಡಿಬಿಡಿಯಿಂದ ಮಡಿಸಿ ಕಿಸೆಗೆ ತುರುಕಿದರು. ಕೆಂಪು ಕಂಡಿತು.

“ಕಾಕಾ, ಈಗಿಂದೀಗ ಫೋಟೋ ತಗಸ್ರಿ.”

“ಇಲ್ಲಿ ಬ್ಯಾಡ.”

“ಯಾಕ ಬ್ಯಾಡ?”

“ಇಲ್ಲಿ ನಾ ತೆಗೀತೀನಿ ಯವ್ವಾ, ತಗಸ್ಕೊಳ್ಳಂಗಿಲ್ಲ.” ಆಮೇಲೆ ದನಿ ತಗ್ಗಿಸಿ, “ಎಲ್ಲಾರೂ ನೋಡ್ತಾರ” ಎಂದರು. ಅವರು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಮನಾಬಾದಿಗೆ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಪಕ್ಕದವರಿಗೆ ತಮ್ಮ ಕಥೆ ಹೇಳಲಿಲ್ಲ. ಅಲ್ಲಿಯ ಸ್ಕ್ಯಾನ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವವಳು ಒಬ್ಬ ಎಳೆಯ ಹೆಣ್ಣುಮಗಳು, ಇವರು ಯಾರೆಂದು ಅವಳಿಗೆ ಗೊತ್ತಿಲ್ಲ. ಕಾಕಾ ಒಳಗೆ ಹೋದರು, ನಾನು ಬಾಗಿಲ ಹೊರಗೆ ಕೂತೆ. ಅವಳ ದನಿ ಸ್ಪಷ್ಟವಾಗಿ ಕೇಳಿತು: “ಅಜ್ಜಾರ, ಲಿಂಗ ಕಟ್ಟೀರೇನ್ರಿ? ಇಲ್ಲಿ ನೀರು ಅದ, ಕೈ ತೊಳ್ಕೋರಿ. ಲಿಂಗ ಅಂಗೈಯಾಗ ಹಿಡ್ಕೊಂಡು ತಲಿ ಮ್ಯಾಲ ಇಟ್ಕೋರಿ.”

ಒಳಗೆ ನೀರು ಸುರಿದ ಸದ್ದಾಯಿತು. ಆಮೇಲೆ ಕಾಕಾ, “ಇದು ಯಾರು ಕಲ್ಸ್ಯಾರವ್ವಾ ನಿನಗ?” ಎಂದು ಕೇಳಿದ್ದು ಕೇಳಿತು.

“ನಮ್ ಸರ್ ಕಲ್ಸ್ಯಾರ್ರಿ. ಅವರಿಗಿ ಕಲ್ಯಾಣದಾಗ ಯಾರೋ ಕಲ್ಸ್ಯಾರಂತ.”

ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿದ್ದವು. “ಕೇಳಿದ್ಲು ನೋಡು” ಎಂದರು. ಆ ಕ್ಷಣಕ್ಕೆ ಅವರಿಗೆ ಬಂದ ಕೆಲಸವೇ ಮರೆತುಹೋಗಿತ್ತು. ನನಗೆ ಮರೆತಿರಲಿಲ್ಲ. ಆ ಹುಡುಗಿ ಪರದೆ ನೋಡಿ ಮುಖ ತಗ್ಗಿಸಿದ್ದನ್ನು ಬಾಗಿಲ ಸಂದಿಯಿಂದ ನಾನು ನೋಡಿದ್ದೆ.

ಆ ಸೆಂಟರಿನ ಚಿತ್ರಗಳೂ ಹೋಗುತ್ತಿದ್ದದ್ದು ಅದೇ ದೂರದ ಜಾಗಕ್ಕೆ, ಓದಿದವಳು ಅದೇ ಡಾಕ್ಟರು. ಎಡ ಪುಪ್ಪುಸದಲ್ಲಿ ಗಡ್ಡೆ, ಪಕ್ಕದ ಗಂಟುಗಳಿಗೂ ಹಬ್ಬಿದಂತಿದೆ ಎಂದು ಬರೆದಿದ್ದಳು. ಅಷ್ಟೇ ಆಗಿದ್ದರೆ ಹಣೆಬರಹ ಎಂದು ಸುಮ್ಮನಿರಬಹುದಿತ್ತು. ಆದರೆ ಆ ಕಂಪ್ಯೂಟರಿಗೆ ಮರೆವಿಲ್ಲ. ಒಂದು ಹೆಸರಿನ ಹೊಸ ಚಿತ್ರ ಬಂದರೆ ಹಳೆಯದನ್ನೂ ಎಳೆದು ತಂದು ಪಕ್ಕದಲ್ಲಿಡುತ್ತದೆ. ಪೂಜೆಯ ದಿನದ ಚಿತ್ರವೂ ಬಂದಿತ್ತು. ಆಕೆ ಎರಡನ್ನೂ ಹೋಲಿಸಿ ನೋಡಿ ಕೆಳಗೆ ಒಂದು ಸಾಲು ಸೇರಿಸಿದ್ದಳು. ಹಿಂದಿನ ಚಿತ್ರದಲ್ಲಿ ವಸ್ತುವಿನ ಅಂಚಿನಿಂದ ಇದೇ ಜಾಗದಲ್ಲಿ ಸಣ್ಣ ನೆರಳು ಹೊರಗೆ ಕಾಣುತ್ತದೆ.

ಡಾಕ್ಟರ್ ಸಾಹೇಬರು ಎರಡೂ ಚಿತ್ರಗಳನ್ನು ತಮ್ಮ ಕೋಣೆಯಲ್ಲಿ ತೆರೆದು ನನ್ನನ್ನು ಕರೆದರು. ಗೊತ್ತಾದ ಮೇಲೆ ನೋಡಿದರೆ ಕಾಣುತ್ತಿತ್ತು. ಬೆಳ್ಳಿಯ ಮೊಟ್ಟೆಯ ಪಕ್ಕದಲ್ಲಿ ಒಂದಿಷ್ಟು ಬೂದು, ಒರೆಸಿದರೆ ಹೋಗುತ್ತದೆ ಎನ್ನುವಷ್ಟು. “ಆಗ ಸಣ್ಣದಿತ್ತು” ಎಂದರು ಸಾಹೇಬರು. “ಆಗ ಸಿಕ್ಕಿದ್ರ ಕೊಯ್ದು ತೆಗೀಬಹುದಿತ್ತೋ ಏನೋ.” ಕಾಕಾಗೆ ಹೇಳುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಹೇಳುವ ಅಗತ್ಯ ಬೀಳಲಿಲ್ಲ. ಕಾಕಾ ತಾವೇ ಕಂಪ್ಯೂಟರಿನ ಮುಂದೆ ಕೂತು ಎರಡನ್ನೂ ತೆಗೆದು ನೋಡಿದರು. ಓದಲು ಬರುವುದಿಲ್ಲ ಎನ್ನುತ್ತಿದ್ದ ಮನುಷ್ಯ ಅದೊಂದನ್ನು ಓದಿದರು. ನಾನು ಒಳಗೆ ಹೋದಾಗ ಪರದೆಯ ಮೇಲೆ ಕರಡಿಗೆಯ ನೆರಳಿನ ಅಂಚಿಗೆ ಬೆರಳಿಟ್ಟು ಕೂತಿದ್ದರು. “ಸರ್ಸು ಅಂದಿದ್ಲು” ಎಂದರು. “ನಾನು ಎಲ್ಲಾರಿಗೂ ಸರ್ಸ್ರಿ ಅಂದೆ. ನನಗೊಬ್ಬಾಕಿ ಸರ್ಸು ಅಂದ್ಲು, ನಗಿ ಮಾಡಿದೆ.” ಪೂಜೆಯ ದಿನ ಆ ಕೋಣೆಯಲ್ಲಿದ್ದ ನಮ್ಮೆಲ್ಲರಿಗೂ ಆ ನೆರಳು ಏನೆಂದು ಗೊತ್ತಿತ್ತು. ಗೊತ್ತಿದ್ದದ್ದೇ ಮುಳುವಾಯಿತು. ಗೊತ್ತಿಲ್ಲದವಳು ಒಬ್ಬಳೇ, ಇದರ ಹಿಂದೆ ಏನಿದೆ ಎಂದು ಕೇಳಿದ್ದಳು.

ಹೈದರಾಬಾದಿಗೆ ಹೋಗಿ ಬಂದರು. ಅಲ್ಲಿ ಕೊಟ್ಟ ಔಷಧಕ್ಕೆ ಆ ಎಣ್ಣೆಗೂದಲು ಉದುರಿತು, ಬಾಯಿ ಹುಣ್ಣಾಯಿತು. ಮತ್ತೊಮ್ಮೆ ಹೋಗಲಾರೆ ಎಂದರು. ಮನೆಯಲ್ಲೇ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವರ ಹೆಂಡತಿ ಕಾಕಿ ಬೆನ್ನು ತಿಕ್ಕುತ್ತಾ ಪಕ್ಕದಲ್ಲೇ ಇರುತ್ತಿದ್ದಳು. ಕರಡಿಗೆ ಆ ಮೂಳೆಯ ಎದೆಗೆ ಭಾರವಾಗಿತ್ತು. ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಿ, ಬೆಳ್ಳಿ ತೆಗೆದಿಡೋಣ ಎಂದು ಕಾಕಿ ಎಷ್ಟು ಹೇಳಿದರೂ ಕೇಳಲಿಲ್ಲ. “ಇರ್ಲಿ ಬಿಡು. ಈಗೇನ್ ಅಡ್ಡ ಬರ್ತದ ಅದು” ಎಂದರು. ಅವರು ತಮಾಷೆಗೆ ಹೇಳಿದರೋ ಏನೋ, ಕಾಕಿ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದಳು.

ಒಂದು ದಿನ ನನ್ನ ಫೋನಿನಿಂದ ಆ ಡಾಕ್ಟರಿಗೆ ಹಚ್ಚಿಕೊಡು ಎಂದರು. ಬೇಡವೆಂದೆ. ಬೈದರು, ಬೈಯುವಷ್ಟರಲ್ಲೇ ಏದುಸಿರು ಬಂತು. ಹಚ್ಚಿಕೊಟ್ಟೆ. ತಾನು ಯಾರೆಂದು ಹೇಳಿದರು. ಆಮೇಲೆ, “ಮೇಡಂ, ಆಪ್ ಬರಾಬರ್ ಪೂಛೆ. ಮೈಂಚ್ ನೈ ಸುನಾ” ಎಂದರು. ನೀವು ಸರಿಯಾಗೇ ಕೇಳಿದಿರಿ, ನಾನೇ ಕೇಳಿಸಿಕೊಳ್ಳಲಿಲ್ಲ ಎಂದು. ಆಕೆ, ಊಟ ಮಾಡುತ್ತಿದ್ದೀರಾ ಎಂದು ಕೇಳಿದಳು. ಹಾಂ ಹಾಂ ಎಂದರು ಕಾಕಾ. ಅವರು ಊಟ ಬಿಟ್ಟು ಎಷ್ಟೋ ದಿನವಾಗಿತ್ತು. ಫೋನ್ ನನ್ನ ಕೈಗೆ ಕೊಟ್ಟು, “ಪಾಪ, ಆಕಿಗಿ ಮಂದಿ ಜೊತಿ ಮಾತಾಡಾಕ ಬರವಲ್ದು. ಆಕಿ ಮುಂದ ಬರೋದು ಬರೀ ಎದಿಗೂಡ” ಎಂದರು. ಅದೇ ಅವರು ನನ್ನೊಡನೆ ಸಲೀಸಾಗಿ ಆಡಿದ ಕೊನೆಯ ಮಾತು.

ಬಸ್ಸಿಳಿದು ನಾನು ಅವರ ಮನೆ ಮುಟ್ಟುವ ಹೊತ್ತಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಎಷ್ಟೋ ದಿನಗಳಿಂದ ಕೂತೇ ಇದ್ದವರು, ಹಾಗಾಗಿ ಹೊಸದಾಗಿ ಏನೂ ಕಾಣಲಿಲ್ಲ. ಅವರ ಪೈಕಿಯಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಮೆರವಣಿಗೆಯ ಹಿಂದೆ ನಾನೂ ಹೋದೆ. ದವಾಖಾನೆಯವರೆಲ್ಲ ಇದ್ದರು. ಡಾಕ್ಟರ್ ಸಾಹೇಬರು ಒಂದು ಬೇವಿನ ಗಿಡಕ್ಕೆ ಒರಗಿ ನಿಂತಿದ್ದರು.

ಕುಣಿಯ ಒಳಗಿನ ಗೂಡಿನಲ್ಲಿ ಕೂಡಿಸಿದ ಮೇಲೆ, ಸಂಸ್ಕಾರ ಮಾಡಿಸುತ್ತಿದ್ದ ಅಯ್ಯನವರು ಕೊರಳಿನ ದಾರ ಬಿಚ್ಚಿ ಕರಡಿಗೆಯ ಮುಚ್ಚಳ ತೆಗೆದರು. ಖಾಲಿ ಕರಡಿಗೆಯನ್ನು ಮೇಲಕ್ಕೆ ಕೊಟ್ಟರು, ಕಾಕಿ ಸೆರಗೊಡ್ಡಿ ತೆಗೆದುಕೊಂಡಳು. ಲಿಂಗವನ್ನು ಕಾಕಾನ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಲು ನೋಡಿದರು. ಬೆರಳು ಸೆಟೆದಿದ್ದವು, ಮಡಿಯಲಿಲ್ಲ. ಎರಡನೆಯ ಸಲವೂ ಮಡಿಯಲಿಲ್ಲ. ಮಗಳು ಕುಣಿಯ ಅಂಚಿಗೆ ಬಗ್ಗಿ, ಚಿಕ್ಕವರಿಗೆ ಹೇಳುವ ಹಾಗೆ, “ಅಪ್ಪಾ, ಲಿಂಗ ಅಂಗೈಯಾಗ ಹಿಡ್ಕೋ” ಎಂದಳು.

ನನ್ನ ಕಣ್ಣು ಅವರ ಎದೆಯ ಮೇಲೆಯೇ ಇತ್ತು. ಅಷ್ಟು ವರ್ಷಗಳಲ್ಲಿ ಆ ಎದೆಯ ಎಡಕ್ಕೆ ಆ ಉಬ್ಬಿಲ್ಲದ್ದನ್ನು ನಾನು ನೋಡಿರಲಿಲ್ಲ. ಈಗ ಅಲ್ಲಿ ಏನೂ ಇರಲಿಲ್ಲ. ಈಗ ತೆಗೆದಿದ್ದರೆ ಫೋಟೋ ಸ್ವಚ್ಛ ಬರುತ್ತಿತ್ತು.